ಕಲಬುರಗಿ ಬಿಸಿಲಿಗೆ ಕಿತ್ತಳೆ ಎಲೆ: ಕ್ರೋಟನ್ ಬೆಳೆಸಿ, ಗೂಟಿ ಕಟ್ಟಿ

ನವೆಂಬರ್ ಬಂತೆಂದರೆ ಮೊಬೈಲ್‌ನಲ್ಲಿ ಆ ಚಿತ್ರಗಳು ಶುರು. ಜಪಾನ್‌ನ ಯಾವುದೋ ಗುಡಿಯ ಅಂಗಳ, ಮೈತುಂಬ ಕಿತ್ತಳೆ ಎಲೆ ಹೊತ್ತು ನಿಂತ ಮೇಪಲ್ ಮರ. ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ನನ್ನ ಮಗಳಿಗೂ ಆಯಿತು. ಆನ್‌ಲೈನ್‌ನಲ್ಲಿ ಬೀಜದ ಪೊಟ್ಟಣ ತರಿಸಿದೆವು. ಒದ್ದೆ ಉಸುಕಿನಲ್ಲಿ ಬೀಜ ಕಲಸಿ, ಡಬ್ಬಿಯಲ್ಲಿ ಹಾಕಿ, ಮೂರು ತಿಂಗಳು ಫ್ರಿಜ್‌ನಲ್ಲಿ ಇಟ್ಟೆವು. ಎರಡು ಸಸಿ ಎದ್ದವು. ಹಸ್ತದಂತೆ ಬಿಡಿಸಿಕೊಂಡ ಪುಟ್ಟ ಎಲೆ, ನಿಜಕ್ಕೂ ಚೆಂದ ಇತ್ತು. ಮಾರ್ಚ್ ಮುಗಿಯುವುದರೊಳಗೆ ಎಲೆಯ ಅಂಚು ಸುಟ್ಟ ಕಾಗದದಂತಾಗಿ ಎರಡೂ ಹೋದವು. ಮಗಳು ಎರಡು ದಿನ ಆ ಕುಂಡದ ಹತ್ತಿರ ಸುಳಿಯಲಿಲ್ಲ.

ಅದು ಗಿಡದ ತಪ್ಪೂ ಅಲ್ಲ, ಅವಳ ತಪ್ಪೂ ಅಲ್ಲ. ಜಪಾನೀ ಮೇಪಲ್ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಗಿಡ. ವಾರಗಟ್ಟಲೆ ನಿಜವಾದ ಚಳಿ ಬಿದ್ದರೆ ಮಾತ್ರ ಅದರ ನಿದ್ದೆ ಪೂರ್ತಿ ಆಗುತ್ತದೆ, ಆಮೇಲೆ ಚಿಗುರುತ್ತದೆ. ಬೀಜಕ್ಕೂ ಹಾಗೆಯೇ. ಒಂದರಿಂದ ಐದು ಡಿಗ್ರಿ ತಂಪಿನಲ್ಲಿ 90ರಿಂದ 120 ದಿನ ಇಟ್ಟರೆ ಮೊಳೆಯುತ್ತದೆ. ನಮ್ಮಲ್ಲಿ ಡಿಸೆಂಬರ್ ಹಗಲೂ 28-30 ಡಿಗ್ರಿ. ಮೇ ತಿಂಗಳಲ್ಲಿ 42 ದಾಟುತ್ತದೆ, ಜೊತೆಗೆ ಒಣ ಗಾಳಿ. ಅದರ ತೆಳು ಎಲೆ ಇದನ್ನು ತಾಳುವುದಿಲ್ಲ.

ಇನ್ನೊಂದು ಮಾತು. ಕಿತ್ತಳೆ ಎಲೆಯ ತಳಿಯ ಬೀಜ ಬಿತ್ತಿದರೂ ಕಿತ್ತಳೆ ಎಲೆಯ ಸಸಿಯೇ ಬರುತ್ತದೆ ಅನ್ನೋ ಖಾತ್ರಿ ಇಲ್ಲ. ವಸಂತದಲ್ಲಿ ಕಿತ್ತಳೆ ಚಿಗುರು ಬಿಡುವ ‘ಕಟ್ಸುರಾ’ದಂಥ ಹೆಸರುವಾಸಿ ತಳಿಗಳನ್ನು ಸಾಮಾನ್ಯ ಹಸಿರು ಮೇಪಲ್ ಸಸಿಗೆ ಕಸಿ ಮಾಡಿಯೇ ಬೆಳೆಸುತ್ತಾರೆ. ಹಾಗಾಗಿ ಬಣ್ಣದ ಚಿತ್ರ ಹಾಕಿ ಬೀಜ ಮಾರುವವರನ್ನು ನಂಬಿ ದುಡ್ಡು ಹಾಕಬೇಡಿ. ನೀಲಿ ಮೇಪಲ್ ಬೀಜ ಅಂತಲೂ ಮಾರುತ್ತಾರೆ. ನೀಲಿ ಎಲೆಯ ಮೇಪಲ್ ಈ ಭೂಮಿಯ ಮೇಲೆ ಎಲ್ಲಿಯೂ ಇಲ್ಲ.

ಹಾಗಾದರೆ ಕಿತ್ತಳೆ ಎಲೆ ನಮ್ಮ ಅಂಗಳಕ್ಕೆ ಬರುವುದೇ ಇಲ್ಲವಾ? ಬರುತ್ತದೆ. ಕಾಡು ಬಾದಾಮಿ ಎಲೆ ಉದುರುವ ಮುಂಚೆ ಕೆಂಪು-ಕಿತ್ತಳೆ ಆಗುತ್ತದೆ. ಅರಳಿಯ ಚಿಗುರು ತಾಮ್ರದ ಬಣ್ಣಕ್ಕಿರುತ್ತದೆ. ಆದರೆ ವರ್ಷವಿಡೀ ಬಣ್ಣ ಇರಬೇಕು, ಕುಂಡದಲ್ಲೂ ಬೆಳೆಯಬೇಕು, ಒಂದು ಗಿಡದಿಂದ ನಾಲ್ಕು ಮಾಡಿಕೊಳ್ಳಲೂ ಬರಬೇಕು ಅಂದರೆ ನನ್ನ ಆಯ್ಕೆ ಒಂದೇ: ಕ್ರೋಟನ್. ಇದು ಇಂಡೋನೇಷ್ಯಾ, ಮಲೇಷ್ಯಾ, ನ್ಯೂಗಿನಿ ಕಡೆಯ ಗಿಡ. ಸೆಕೆ ಅದಕ್ಕೆ ಹುಟ್ಟಿನಿಂದಲೇ ಗೊತ್ತು. ಗೊತ್ತಿಲ್ಲದ್ದು ನಮ್ಮ ಒಣ ಗಾಳಿ ಮತ್ತು ಬೋರ್‌ವೆಲ್ ನೀರು. ಅದನ್ನು ನಾವು ನೋಡಿಕೊಂಡರೆ ಸಾಕು.

ಗಿಡ ಆರಿಸುವಾಗ

ನರ್ಸರಿಗೆ ಹೋದರೆ ಕಣ್ಣು ಮೊದಲು ತುದಿಯ ಹೊಸ ಎಲೆಯ ಮೇಲೆ ಬೀಳುತ್ತದೆ. ಅದನ್ನು ನೋಡಿ ಗಿಡ ಕೊಳ್ಳಬೇಡಿ. ನಾನು ಮೊದಲ ಸಲ ಹಾಗೆ ಆರಿಸುತ್ತಿದ್ದಾಗ ಗಿಡಕ್ಕೆ ನೀರು ಬಿಡುತ್ತಿದ್ದ ಕಾಕಾ ಅಂದರು: ‘ಕೆಳಗಿನ ಎಲಿ ನೋಡವ್ವ. ಬಣ್ಣ ಅಲ್ಲಿ ಅದ.’ ಅವರು ಹೇಳಿದ್ದು ಸರಿ. ‘ಪೆಟ್ರಾ’ದಂಥ ತಳಿಗಳಲ್ಲಿ ಎಲೆ ಹಸಿರು-ಹಳದಿಯಾಗಿ ಹುಟ್ಟುತ್ತದೆ. ಬಲಿಯುತ್ತ ಹೋದಂತೆ ನರಗಳು ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ತಿರುಗುತ್ತವೆ. ಗಿಡ ಕೊನೆಗೆ ಯಾವ ಬಣ್ಣಕ್ಕೆ ಬಂದು ನಿಲ್ಲುತ್ತದೆ ಅನ್ನುವುದು ಕೆಳಗಿನ ಬಲಿತ ಎಲೆಯಲ್ಲಿ ಕಾಣುತ್ತದೆ. ಎಲೆ ಮಗುಚಿ ಹಿಂಬದಿಯನ್ನೂ ನೋಡಿ. ಜೇಡರ ಬಲೆಯಂಥ ಸಣ್ಣ ಎಳೆ ಇದ್ದರೆ ನುಸಿ ಹತ್ತಿದೆ ಅಂತ. ಹತ್ತಿಯಂತೆ ಬಿಳಿ ಇದ್ದರೆ ಹಿಟ್ಟು ತಿಗಣೆ. ಅಂಥ ಗಿಡ ಬಿಟ್ಟುಬಿಡಿ.

ಜಾಗ, ಮಣ್ಣು, ನೀರು

ಬೆಳಗಿನ ಬಿಸಿಲು ಮೂರು-ನಾಲ್ಕು ಗಂಟೆ ಬೇಕೇ ಬೇಕು. ನೆರಳಲ್ಲೇ ಇಟ್ಟರೆ ಹೊಸ ಎಲೆ ಹಸಿರಾಗಿಯೇ ಉಳಿಯುತ್ತದೆ. ಹನ್ನೊಂದರ ನಂತರ ಮಾತ್ರ ನೆರಳು ಸಿಗಬೇಕು. ಮನೆಯ ಪೂರ್ವದ ಗೋಡೆ ಬದಿ ಒಳ್ಳೆಯದು. ಪಡುವಣ ಗೋಡೆ ಬೇಡ. ಮಾಳಿಗೆ ಮೇಲೆ ಇಡುವವರು ಮಾರ್ಚ್‌ನಿಂದ ಮಳೆ ಬೀಳುವವರೆಗೆ ಹಸಿರು ಪರದೆ ಕಟ್ಟಿ.

ನಮ್ಮ ಕಡೆ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಕುಂಡವನ್ನು ನೇರವಾಗಿ ಶಹಾಬಾದ್ ಫರಸಿಯ ಮೇಲೆ ಇಡುತ್ತಾರೆ. ಏಪ್ರಿಲ್ ಮಧ್ಯಾಹ್ನ ಆ ಕಲ್ಲಿನ ಮೇಲೆ ಬರಿಗಾಲು ಇಡಲು ಆಗುವುದಿಲ್ಲ, ಅಲ್ವಾ? ಕುಂಡದ ತಳದಲ್ಲಿರುವ ಬೇರೂ ಅದೇ ಕಾವಿನಲ್ಲಿ ಬೇಯುತ್ತದೆ. ಕೆಳಗೆ ಎರಡು ಇಟ್ಟಿಗೆ ಇಡಿ, ನಡುವೆ ಗಾಳಿ ಆಡಲಿ. ಇಷ್ಟು ಮಾಡಿದ ಮೇಲೆ ನಮ್ಮ ಮನೆಯಲ್ಲಿ ಬೇಸಿಗೆಗೆ ಗಿಡ ಹೋಗುವುದು ನಿಂತಿತು.

ಎರೆ ಮಣ್ಣು ತೊಗರಿಗೆ ಬಂಗಾರ, ಕುಂಡಕ್ಕೆ ಅಲ್ಲ. ನೀರು ಬಿದ್ದರೆ ಅಂಟಂಟಾಗಿ ಗಾಳಿ ಆಡದು, ಒಣಗಿದರೆ ಬಿರಿದು ಬೇರನ್ನು ಹರಿಯುತ್ತದೆ. ಮಸಾರಿ ಅಂದರೆ ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಮೇಲೆ ಎರಡು ಹಿಡಿ ದಪ್ಪ ಉಸುಕು ಹಾಕಿ ಕಲಸಿ. ಬೀದರ್‌ನವರಿಗೆ ಜಂಬಿಟ್ಟಿಗೆ ನೆಲದ ಕೆಂಪು ಮಣ್ಣು ಮನೆ ಬಾಗಿಲಲ್ಲೇ ಇದೆ. ಕಲಬುರಗಿ, ಯಾದಗಿರಿಯವರು ನರ್ಸರಿಯಿಂದ ಒಂದು ಚೀಲ ತರಬೇಕಾಗುತ್ತದೆ. ಎರೆ ನೆಲದಲ್ಲೇ ನೆಡುವುದಾದರೆ ಒಂದು ಅಡಿ ಎತ್ತರದ ದಿಬ್ಬ ಮಾಡಿ ನೆಡಿ.

ಬೋರ್‌ವೆಲ್ ನೀರು ಗಡಸು. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುವುದನ್ನು ನೋಡಿರುತ್ತೀರಿ. ಈ ಸುಣ್ಣ ಹೆಚ್ಚಾದರೆ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರು ಅದನ್ನು ಎಳೆದುಕೊಳ್ಳಲಾರದು. ಎಲೆ ಮಂಕಾಗುತ್ತದೆ, ಆ ಹಳದಿಯನ್ನು ಬಣ್ಣ ಅಂದುಕೊಂಡು ಮೋಸ ಹೋಗಬೇಡಿ. ಸಾಧ್ಯವಾದಷ್ಟು ಮಳೆ ನೀರು ಹಿಡಿದಿಟ್ಟು ಹಾಕಿ. ಎಸಿಯಿಂದ ಸೋರುವ ನೀರಿನಲ್ಲಿ ಉಪ್ಪು ಇರುವುದಿಲ್ಲ, ಅದಕ್ಕೊಂದು ಬಕೆಟ್ ಇಡಿ. ಆದರೆ ಕೂಲರ್‌ನ ತಳದಲ್ಲಿ ಉಳಿದ ನೀರು ಮತ್ತು ನೀರಿನ ಫಿಲ್ಟರ್ ಹೊರಹಾಕುವ ನೀರು ಬೇಡ. ಎರಡರಲ್ಲೂ ಉಪ್ಪು ಬೋರ್‌ವೆಲ್ ನೀರಿಗಿಂತ ಜಾಸ್ತಿ ಇರುತ್ತದೆ.

ಗೊಬ್ಬರದ ವಿಷಯ ಸಣ್ಣದು. ಮಳೆಗಾಲದಲ್ಲಿ ಎರಡು ತಿಂಗಳಿಗೊಮ್ಮೆ ಒಂದು ಹಿಡಿ ತಿಪ್ಪೆಗೊಬ್ಬರ ಸಾಕು. ಯೂರಿಯಾ ಹಾಕಬೇಡಿ, ಹಸಿರೇ ಮುಂದಾಗುತ್ತದೆ.

ಒಂದರಿಂದ ನಾಲ್ಕು: ಗೂಟಿ

ಮೇಪಲ್‌ನಂತೆಯೇ ಕ್ರೋಟನ್ ಕೂಡ ಬೀಜದಿಂದ ತಾಯಿಯ ಬಣ್ಣ ಕೊಡುವುದಿಲ್ಲ. ಬಣ್ಣ ಬೇಕೆಂದರೆ ತಾಯಿಯ ಕೊಂಬೆಯೇ ಹೊಸ ಗಿಡ ಆಗಬೇಕು. ಕಡ್ಡಿ ಕತ್ತರಿಸಿ ಚುಚ್ಚಿಯೂ ಬೆಳೆಸಬಹುದು. ಆದರೆ ಕತ್ತರಿಸಿದ ಕಡ್ಡಿ ಬೇರು ಬರುವವರೆಗೆ ಒಣಗದೆ ಉಳಿಯಬೇಕು, ನಮ್ಮ ಗಾಳಿಯಲ್ಲಿ ಅದೇ ಕಷ್ಟ. ಗೂಟಿ ಅಂದರೆ ಕೊಂಬೆಯ ಸಿಪ್ಪೆ ಸ್ವಲ್ಪ ಸುಲಿದು, ಅಲ್ಲಿ ಒದ್ದೆ ಉಂಡೆ ಕಟ್ಟಿ ಬೇರು ಬರಿಸುವುದು. ಅದರಲ್ಲಿ ಹಾಗಲ್ಲ. ಕೊಂಬೆ ತಾಯಿಯ ಮೇಲಿದ್ದಾಗಲೇ ಬೇರು ಬಿಡುತ್ತದೆ. ಹತ್ತರಲ್ಲಿ ಒಂದು ಹೋದರೂ ತಾಯಿ ಗಿಡಕ್ಕೆ ಏನೂ ಆಗುವುದಿಲ್ಲ.

ಕಾಲ ಮುಖ್ಯ. ಮಿರಗದ ಮಳೆ ಬಿದ್ದು ಗಾಳಿ ಹಸಿಯಾದ ಮೇಲೆ ಶುರು ಮಾಡಿ. ಜೂನ್ ಮೂರನೇ ವಾರ ನನ್ನ ಲೆಕ್ಕ.

ಪೆನ್ಸಿಲ್ ದಪ್ಪದ, ನೆಟ್ಟಗಿರುವ ಕೊಂಬೆ ಆರಿಸಿ. ಇಲ್ಲಿ ಸ್ವಲ್ಪ ನಿಧಾನಿಸಿ. ಒಂದೇ ಗಿಡದ ಎಲ್ಲ ಕೊಂಬೆಗಳಲ್ಲೂ ಬಣ್ಣ ಒಂದೇ ಇರುವುದಿಲ್ಲ. ಒಮ್ಮೊಮ್ಮೆ ಒಂದು ಕೊಂಬೆ ತಾನೇ ಬದಲಾಗಿ ಹೆಚ್ಚು ಕಿತ್ತಳೆ ಬಿಡುತ್ತದೆ, ಇನ್ನೊಂದು ಪೂರ್ತಿ ಹಸಿರಾಗಿಬಿಡುತ್ತದೆ. ಗೂಟಿ ಕಟ್ಟಿದರೆ ಆ ಕೊಂಬೆಯ ಗುಣವೇ ಹೊಸ ಗಿಡಕ್ಕೆ ಬರುತ್ತದೆ. ಎಲ್ಲಕ್ಕಿಂತ ಚೆಂದದ ಕೊಂಬೆಗೇ ಕಟ್ಟಿ. ಹಸಿರಾದ ಕೊಂಬೆಯನ್ನು ಬುಡದಿಂದ ತೆಗೆದುಹಾಕಿ, ಬಿಟ್ಟರೆ ಅದೇ ಗಿಡವನ್ನು ಆವರಿಸುತ್ತದೆ.

ತುದಿಯಿಂದ ಒಂದು ಅಡಿ ಕೆಳಗೆ, ನಾಲ್ಕು ಬೆರಳಗಲದಷ್ಟು ಜಾಗದಲ್ಲಿ ಎಲೆ ಕಿತ್ತುಹಾಕಿ. ಗೆಣ್ಣಿನ ಸ್ವಲ್ಪ ಕೆಳಗೆ ಹೊಸ ಬ್ಲೇಡಿನಿಂದ ಸುತ್ತಲೂ ಗೀರಿ. ಅದರಿಂದ ಒಂದು ಇಂಚು ಕೆಳಗೆ ಇನ್ನೊಂದು ಗೀರು. ಎರಡನ್ನೂ ಸೇರಿಸಿ ಉದ್ದಕ್ಕೆ ಒಂದು ಗೀರು ಹಾಕಿ ಸಿಪ್ಪೆಯನ್ನು ಉಂಗುರದಂತೆ ಬಿಡಿಸಿ. ಮಳೆಗಾಲದಲ್ಲಿ ಸಿಪ್ಪೆ ಸಲೀಸಾಗಿ ಕಳಚಿ ಬರುತ್ತದೆ. ಒಳಗೆ ಬಿಳಿ ಕಟ್ಟಿಗೆ ಕಾಣುತ್ತದೆ, ಅದರ ಮೇಲೆ ಜಾರುವಂಥ ತೆಳು ಹಸಿ ಪದರ ಇರುತ್ತದೆ. ಬ್ಲೇಡಿನ ಬೆನ್ನಿನಿಂದ ಅದನ್ನು ಪೂರ್ತಿ ಕೆರೆದು ತೆಗೆಯಿರಿ. ಮುಟ್ಟಿದರೆ ಜಾರಬಾರದು, ತರಿತರಿ ಅನ್ನಿಸಬೇಕು. ನನ್ನ ಮೊದಲ ಮೂರು ಗೂಟಿ ಕೆಟ್ಟದ್ದು ಇಲ್ಲಿಯೇ. ಪದರ ಅಲ್ಲಲ್ಲಿ ಉಳಿದಿತ್ತು. ಎರಡು ತಿಂಗಳ ಮೇಲೆ ಬಿಚ್ಚಿ ನೋಡಿದರೆ ಸಿಪ್ಪೆ ಮತ್ತೆ ಕೂಡಿಕೊಂಡಿತ್ತು, ಬೇರು ಒಂದೂ ಇರಲಿಲ್ಲ.

ಇದು ಯಾಕೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಕೈ ತಾನೇ ಸರಿಯಾಗಿ ನಡೆಯುತ್ತದೆ. ನೀರು ಮೇಲೇರುವುದು ಒಳಗಿನ ಕಟ್ಟಿಗೆಯ ಮೂಲಕ. ಅದನ್ನು ನಾವು ಮುಟ್ಟಿಲ್ಲ, ಅದಕ್ಕೇ ಎಲೆ ಬಾಡುವುದಿಲ್ಲ. ಎಲೆ ಮಾಡಿದ ಆಹಾರ ಕೆಳಗಿಳಿಯುವುದು ಸಿಪ್ಪೆಯ ಮೂಲಕ. ಆ ದಾರಿ ಕಡಿದಿದೆ. ಇಳಿದು ಬಂದ ಆಹಾರ ಮೇಲಿನ ಗೀರಿನ ಹತ್ತಿರ ನಿಂತು ಅಲ್ಲಿ ಉಬ್ಬುತ್ತದೆ, ಆ ಉಬ್ಬಿನಿಂದಲೇ ಬೇರು ಒಡೆಯುತ್ತದೆ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಬೇರು ಬರಿಸುವ ಪುಡಿಯನ್ನು ಹಚ್ಚಬೇಕಾದ್ದೂ ಈ ಮೇಲಿನ ಅಂಚಿಗೆ. ಕೆಳಗೆ ಹಚ್ಚಿದರೆ ಉಪಯೋಗ ಇಲ್ಲ.

ಕ್ರೋಟನ್ ಔಡಲದ ಬಳಗದ ಗಿಡ. ಗೀರಿದ ಕೂಡಲೇ ಹಾಲು ಸುರಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಹತ್ತು ನಿಮಿಷ ಹಾಗೇ ಬಿಡಿ, ಆಮೇಲೆ ಪುಡಿ ಹಚ್ಚಿ. ಈ ಹಾಲು ಕೆಲವರಿಗೆ ಚರ್ಮ ಕೆರೆಸುತ್ತದೆ, ಕಣ್ಣಿಗೆ ಬಿದ್ದರೆ ಉರಿ. ಬಟ್ಟೆಗೆ ಬಿದ್ದ ಕಲೆ ಹೋಗುವುದಿಲ್ಲ. ಕೈಗವಸು ಹಾಕಿಕೊಳ್ಳಿ. ಕತ್ತರಿಸಿದ ಎಲೆ, ಕಡ್ಡಿಯನ್ನು ಆಡಿಗೆ, ಎಮ್ಮೆಗೆ ಹಾಕಬೇಡಿ. ಚಿಕ್ಕ ಮಕ್ಕಳು ಎಲೆ ಬಾಯಿಗೆ ಇಡದಂತೆ ನೋಡಿಕೊಳ್ಳಿ, ಗಿಡದಲ್ಲಿ ವಿಷ ಇದೆ.

ಈಗ ನೆನೆಸಿದ ಕೋಕೋಪೀಟ್ ಒಂದು ಮುಷ್ಟಿ ತೆಗೆದುಕೊಂಡು ಗಟ್ಟಿಯಾಗಿ ಹಿಂಡಿ. ಮತ್ತೆ ಹಿಂಡಿದರೆ ಒಂದೆರಡು ಹನಿ ಬಂದರೆ ಹದ ಸರಿ. ನೀರು ಸುರಿದರೆ ಕೊಳೆಯುತ್ತದೆ. ಎರಡು ಮುಷ್ಟಿ ಕೋಕೋಪೀಟ್‌ನಿಂದ ಗಾಯವನ್ನು ಮುಚ್ಚಿ ನಿಂಬೆಗಿಂತ ದೊಡ್ಡ, ಮೋಸಂಬಿಯಷ್ಟು ಉಂಡೆ ಮಾಡಿ. ಸುತ್ತಲೂ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೂ ಕೆಳಗೂ ಸುತಳಿಯಿಂದ ಬಿಗಿಯಿರಿ. ಮೇಲಿನ ಗಂಟು ಹೆಚ್ಚು ಬಿಗಿ ಇರಲಿ, ಮಳೆ ನೀರು ಕೊಂಬೆಗುಂಟ ಇಳಿದು ಒಳಗೆ ಹೋಗಬಾರದು. ಅಂಥ ಹಾಳೆ ಆದರೆ ಬೇರು ಕಣ್ಣಿಗೆ ಕಾಣುತ್ತದೆ. ಅದರ ಮೇಲೆ ಹಳೆಯ ಬಟ್ಟೆ ತುಂಡು ಸುತ್ತಿ, ಬಿಸಿಲು ನೇರ ಬೀಳದಿರಲಿ.

ಒಂದು ಗಿಡಕ್ಕೆ ಮೂರು-ನಾಲ್ಕಕ್ಕಿಂತ ಹೆಚ್ಚು ಗೂಟಿ ಬೇಡ. ಹತ್ತು ದಿನಕ್ಕೊಮ್ಮೆ ಬಟ್ಟೆ ಸರಿಸಿ ನೋಡಿ. ಮಳೆ ಕೈಕೊಟ್ಟು ಉಂಡೆ ಹಗುರಾದರೆ, ಇಂಜೆಕ್ಷನ್ ಸಿರಿಂಜಿನಿಂದ ಮೇಲುಗಡೆ ಸ್ವಲ್ಪ ನೀರು ಬಿಡಿ.

ಆರರಿಂದ ಎಂಟು ವಾರ. ಪಂಚಮಿ ಜೋಕಾಲಿ ಕಟ್ಟುವ ಹೊತ್ತಿಗೆ ಹಾಳೆಯ ಒಳಗೆ ಬಿಳಿ ಎಳೆ ಕಾಣತೊಡಗುತ್ತವೆ. ಆಗಲೇ ಕತ್ತರಿಸಬೇಡಿ. ಆ ಎಳೆ ಬೇರು ಮುಟ್ಟಿದರೆ ಮುರಿಯುತ್ತದೆ. ಉಂಡೆಯ ತುಂಬ ಹೆಣೆದುಕೊಂಡು ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದ ಮೇಲೆ, ಕೆಳಗಿನ ಗಂಟಿನ ಕೆಳಗೆ ಒಂದೇ ಏಟಿಗೆ ಕತ್ತರಿಸಿ. ಹಾಳೆ ಬಿಚ್ಚಿ, ಉಂಡೆ ಒಡೆಯದಂತೆ ಆರು ಇಂಚಿನ ಕುಂಡದಲ್ಲಿ ಕೂರಿಸಿ. ಕೆಳಗಿನ ಅರ್ಧದಷ್ಟು ಎಲೆ ತೆಗೆಯಿರಿ, ಹೊಸ ಬೇರು ಅಷ್ಟೂ ಎಲೆಗೆ ನೀರು ಒದಗಿಸಲಾರದು. ಒಂದು ತಿಂಗಳು ನೆರಳಲ್ಲಿ ಇಟ್ಟು, ಆಮೇಲೆ ದಿನಕ್ಕಿಷ್ಟು ಅಂತ ಬೆಳಗಿನ ಬಿಸಿಲಿಗೆ ರೂಢಿ ಮಾಡಿ.

ಕಡ್ಡಿಯಿಂದಲೇ ಮಾಡಬೇಕೆನ್ನುವವರಿಗೆ: ಮಳೆಗಾಲದಲ್ಲಿ ಗೇಣುದ್ದದ ತುದಿ ಕತ್ತರಿಸಿ, ಹಾಲು ನಿಲ್ಲುವವರೆಗೆ ನೀರಲ್ಲಿ ಅದ್ದಿ, ಪುಡಿ ಹಚ್ಚಿ, ಉಸುಕು-ಕೋಕೋಪೀಟ್‌ನಲ್ಲಿ ಚುಚ್ಚಿ, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಲ್ಲಿಡಿ. ಬದುಕಿದರೆ ಐದಾರು ವಾರದಲ್ಲಿ ಬೇರು.

ಎಲೆ ಉದುರಿದರೆ

ಕ್ರೋಟನ್‌ಗೆ ಜಾಗ ಬದಲಿಸುವುದು ಹಿಡಿಸುವುದಿಲ್ಲ. ನರ್ಸರಿಯಿಂದ ತಂದ ವಾರದಲ್ಲಿ ಎಲೆ ಉದುರಿಸಬಹುದು. ಗಾಬರಿಯಾಗಿ ನೀರು ಸುರಿಯಬೇಡಿ, ಹಾಗೆ ಸುರಿದರೆ ಬೇರು ಕೊಳೆಯುತ್ತದೆ. ಉಗುರಿನಿಂದ ಕೊಂಬೆ ಗೀರಿ ನೋಡಿ. ಒಳಗೆ ಹಸಿರು ಇದ್ದರೆ ಗಿಡ ಬದುಕಿದೆ, ತಿಂಗಳೊಪ್ಪತ್ತಿನಲ್ಲಿ ಚಿಗುರುತ್ತದೆ. ಬೀದರ್‌ನ ವೈನಿ ಮನೆಯಲ್ಲಿ ಜನವರಿ ರಾತ್ರಿಯ ಥಂಡಿಗೂ ಎಲೆ ಬಿದ್ದಿದ್ದವು. ಈಗ ಅವರು ಆ ಎರಡು ತಿಂಗಳು ಕುಂಡವನ್ನು ಪಡಸಾಲೆಯ ಕಿಟಕಿ ಹತ್ತಿರ ಇಡುತ್ತಾರೆ, ಉದುರುವುದು ನಿಂತಿದೆ. ಬೇಸಿಗೆಯಲ್ಲಿ ನುಸಿ ಬಂದರೆ ಬೆಳಿಗ್ಗೆ ಎಲೆಯ ಹಿಂಬದಿಗೆ ನೀರು ರಭಸವಾಗಿ ಹೊಡೆಯಿರಿ. ಹೋಗದಿದ್ದರೆ ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ನೀರಿಗೆ ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಎಣ್ಣೆ ಹೊಡೆದರೆ ಎಲೆ ಸುಡುತ್ತದೆ.

ಮೇಪಲ್ ಇದ್ದ ಕುಂಡದಲ್ಲಿ ಈಗ ಮಗಳೇ ಕಟ್ಟಿದ ಗೂಟಿಯ ಗಿಡ ಇದೆ. ಆಗಸ್ಟ್‌ನಲ್ಲಿ ಕತ್ತರಿಸಿ ಇಟ್ಟಾಗ ಉಳಿದದ್ದು ಐದು ಎಲೆ. ಆಮೇಲೆ ಬಂದವೆಲ್ಲ ಹಸಿರು, ಅವಳು ದಿನಾ ಬಗ್ಗಿ ನೋಡುತ್ತಿದ್ದಳು. ದೀಪಾವಳಿಯ ಬೆಳಿಗ್ಗೆ ರಂಗೋಲಿ ಬಿಟ್ಟು ಓಡಿ ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಕೆಳಗಿನ ಒಂದು ಎಲೆಯ ನಡುನರ, ಬುಡದಿಂದ ಅರ್ಧದವರೆಗೆ, ಕಿತ್ತಳೆ ಆಗಿತ್ತು.