ಆ್ಯಪಲ್ ಪೈ ತಳ ಮುದ್ದೆಯಾಗದಿರಲು

ಮನೆಯಲ್ಲಿ ಆ್ಯಪಲ್ ಪೈ ಮಾಡುವವರಿಗೆ ಒಂದು ಮಾತು. ಮೇಲೆ ಚೆಂದ ಹೊಂಬಣ್ಣ ಬಂದಿರುತ್ತದೆ, ಕತ್ತರಿಸಿದರೆ ತಳ ಮಾತ್ರ ಹಸಿಹಸಿ ಮುದ್ದೆ. ನನಗೂ ಸುಮಾರು ಸಲ ಹೀಗಾಗಿದೆ. ಸಕ್ಕರೆ ಬಿದ್ದ ಕೂಡಲೇ ಸೇಬು ನೀರು ಬಿಡುತ್ತದೆ ಅಲ್ವಾ, ತಳದ ಹಿಟ್ಟು ಬೇಯುವ ಮೊದಲೇ ಅದನ್ನೆಲ್ಲ ಕುಡಿದುಬಿಡುತ್ತದೆ.

ಹಾಗಾಗಿ ಹೆಚ್ಚಿದ ಸೇಬಿಗೆ ಸಕ್ಕರೆ ಬೆರೆಸಿ ಅರ್ಧ ಗಂಟೆ ಜರಡಿಯಲ್ಲಿ ಬಿಡಿ, ಕೆಳಗೊಂದು ಪಾತ್ರೆ ಇಡಿ. ಇಳಿದ ರಸ ದಯವಿಟ್ಟು ಚೆಲ್ಲಬೇಡಿ, ರುಚಿಯೆಲ್ಲ ಅದರಲ್ಲೇ ಇದೆ. ಸಣ್ಣ ಉರಿಯಲ್ಲಿ ಪಾಕದ ಹಾಗೆ ಗಟ್ಟಿಯಾಗುವವರೆಗೆ ಕುದಿಸಿ, ಆರಿಸಿ, 1 ಚಮಚ ಕಾರ್ನ್‌ಫ್ಲೋರ್ ಜೊತೆ ಮತ್ತೆ ಹಣ್ಣಿಗೇ ಸೇರಿಸಿ. ತುಂಬುವ ಮೊದಲು ತಳಕ್ಕೆ ಒಂದು ಚಮಚ ಚಿರೋಟಿ ರವೆ ಉದುರಿಸಿ. ಉಳಿದ ನೀರನ್ನು ಅದು ಹೀರುತ್ತದೆ, ತಿನ್ನುವಾಗ ಗೊತ್ತೇ ಆಗುವುದಿಲ್ಲ.

ಓವನ್ನಿನ ಕೆಳಗಿನ ಹಂತದಲ್ಲಿ ಖಾಲಿ ಟ್ರೇ ಇಟ್ಟು ಮೊದಲೇ ಕಾಯಿಸಿ, ಪೈಯನ್ನು ಅದರ ಮೇಲಿಡಿ. 220 ಡಿಗ್ರಿಯಲ್ಲಿ 20 ನಿಮಿಷ, ಆಮೇಲೆ 180ಕ್ಕೆ ಇಳಿಸಿ 35-40 ನಿಮಿಷ. ಪಿಂಗಾಣಿಗಿಂತ ಅಲ್ಯೂಮಿನಿಯಂ ಪಾತ್ರೆ ವಾಸಿ, ಬೇಗ ಕಾಯುತ್ತದೆ. ಗಾಜಿನದನ್ನು ಮಾತ್ರ ಕಾದ ಟ್ರೇ ಮೇಲೆ ಇಡಬೇಡಿ, ಒಡೆಯಬಹುದು.

ಬಿಸಿಯಲ್ಲೇ ಕತ್ತರಿಸಿದರೆ ರಸ ಹರಿಯುತ್ತದೆ. ಕನಿಷ್ಠ 3 ಗಂಟೆ ಆರಲು ಬಿಡಿ.