ಅಗಿದು ನೋಡಿ ತರುವ ಮಾಲ್ಟ್

ಮಾಲ್ಟ್ ಅಂದರೆ ನನಗೆ ಮೊದಲು ಗೊತ್ತಿದ್ದದ್ದು ರಾಗಿ ಮಾಲ್ಟ್ ಒಂದೇ. ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಬಂದ ಮೇಲೆ, ಮನೆಯಲ್ಲಿ ಬಿಯರ್ ಮಾಡಿಕೊಳ್ಳುವವರಿಗೆ ಸಾಮಾನು ಮಾರುವ ಅಂಗಡಿಯೊಂದಕ್ಕೆ ಹೋದೆ. ಬಾಗಿಲು ತೆರೆದ ಕೂಡಲೇ ಹಾರ್ಲಿಕ್ಸ್ ಡಬ್ಬಿಯ ವಾಸನೆ! ಎರಡರಲ್ಲೂ ಇರುವುದು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ತಾನೆ. (ಇಲ್ಲಿ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳಲು 1978ರ ಕಾನೂನು ದಾರಿ ಮಾಡಿಕೊಟ್ಟಿತು. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮಾಡುವಂತಿಲ್ಲ. ಇದನ್ನು ಓದಿ ಊರಲ್ಲಿ ಶುರು ಹಚ್ಚಿಕೊಳ್ಳಬೇಡಿ.)

ನಾನು ಮಾಡುವುದು ಒಂದು ಸಲಕ್ಕೆ ಒಂದೇ ಗ್ಯಾಲನ್, ಅಂದರೆ 3.8 ಲೀಟರ್. ಅಡುಗೆಮನೆಯ ಒಲೆ, ದೊಡ್ಡ ಪಾತ್ರೆ, ಕಾಳು ಕಟ್ಟಲು ಜಾಲರಿ ಬಟ್ಟೆಯ ಚೀಲ. ಸುಮಾರು 900 ಗ್ರಾಂ ಮಾಲ್ಟ್ ಸಾಕು.

ಮೊದಲ ಸಲ ಬಣ್ಣ ನೋಡಿ ಮರುಳಾದೆ. ಕ್ರಿಸ್ಟಲ್ ಮಾಲ್ಟ್ ಅಂತ ಒಂದಿದೆ. ಕೆಂಪಗೆ, ಬೆಲ್ಲದ ಪಾಕದ ಘಮ, ಅಗಿದರೆ ಸಿಹಿ. ಅರ್ಧಕ್ಕರ್ಧ ಅದನ್ನೇ ಹಾಕಿದೆ. ಎರಡು ವಾರ ಬಿಟ್ಟು ನೋಡಿದರೆ ಹುಳಿಯುವುದು ನಡುದಾರಿಯಲ್ಲೇ ನಿಂತಿತ್ತು. ಕುಡಿದರೆ ರಾಮನವಮಿ ಪಾನಕ, ಅದೂ ಏಲಕ್ಕಿ ಮರೆತದ್ದು.

ಯಾಕೆ ಹಾಗಾಯಿತು ಅನ್ನುವುದು ಹೊಳೆದದ್ದು ಅಮ್ಮನ ಜೊತೆ ಫೋನಲ್ಲಿ ಮಾತಾಡುವಾಗ. "ಮೊಳಕೆ ರಾಗೀನ ಜಾಸ್ತಿ ಹುರೀಬಾರ್ದು ಕಣೋ, ಆಮೇಲೆ ಗಂಜಿ ತೆಳ್ಳಗಾಗಲ್ಲ" ಅಂದರು. ಇಲ್ಲೂ ಅದೇ ಕಥೆ. ಮೊಳಕೆ ಬಂದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಇರುತ್ತದೆ. ಹದವಾದ ಬಿಸಿಯಲ್ಲಿ ಒಣಗಿಸಿದ ಬೇಸ್ ಮಾಲ್ಟಿನಲ್ಲಿ ಅದು ಉಳಿಯುತ್ತದೆ, ಜೋರಾಗಿ ಹುರಿದದ್ದರಲ್ಲಿ ಸತ್ತುಹೋಗುತ್ತದೆ. ಕ್ರಿಸ್ಟಲ್‌ನಲ್ಲೂ ಕಿಣ್ವ ಇಲ್ಲ. ಅದರ ಸಿಹಿಯಲ್ಲಿ ಒಂದಷ್ಟನ್ನು, ಸಕ್ಕರೆ ತಿಂದು ಹುಳಿ ಬರಿಸುವ ಯೀಸ್ಟ್ ಮುಟ್ಟುವುದೂ ಇಲ್ಲ. ಬೇಸ್ ಮಾಲ್ಟ್ ಅನ್ನ, ಉಳಿದವೆಲ್ಲ ಒಗ್ಗರಣೆ. ನಾನು ಒಗ್ಗರಣೆಯನ್ನೇ ತಟ್ಟೆ ತುಂಬ ಬಡಿಸಿಕೊಂಡಿದ್ದೆ.

ಈಗ ನನ್ನ ಚೀಟಿ ಹೀಗಿರುತ್ತದೆ: ಮ್ಯಾರಿಸ್ ಆಟರ್ ಅನ್ನುವ ಬೇಸ್ ಮಾಲ್ಟ್ 28 ಔನ್ಸ್ (ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ), ಕ್ರಿಸ್ಟಲ್ 60 ಎರಡೂವರೆ ಔನ್ಸ್, ಚಾಕೊಲೇಟ್ ಮಾಲ್ಟ್ ಒಂದು ಔನ್ಸ್. 67 ಡಿಗ್ರಿ ಸೆಲ್ಸಿಯಸ್ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿ, ಆ ರಸವನ್ನು ಕುದಿಸಿ ಹುಳಿ ಬರಿಸಿದರೆ ಒಳ್ಳೆ ಕಂದು ಏಲ್ (ಬಿಯರಿನ ಒಂದು ಬಗೆ) ಆಗುತ್ತದೆ. ಮ್ಯಾರಿಸ್ ಆಟರ್ ಇಂಗ್ಲೆಂಡಿನ ಬಾರ್ಲಿ ತಳಿ. ಸ್ವಲ್ಪ ದುಬಾರಿ, ಆದರೆ ಬಿಸ್ಕತ್ತಿನ ರುಚಿ ಕೊಡುತ್ತದೆ. ಚಾಕೊಲೇಟ್ ಮಾಲ್ಟಿನಲ್ಲಿ ಚಾಕೊಲೇಟ್ ಹುಡುಕಬೇಡಿ, ಅದು ಬರೀ ಬಣ್ಣದ ಹೆಸರು. ಅಗಿದರೆ ಕಪ್ಪಗೆ ಹುರಿದ ಕಾಫಿ ಬೀಜದ ಹಾಗೆ.

ಕ್ರಿಸ್ಟಲ್ ಪಕ್ಕದ 60 ಅನ್ನುವುದು ಲೋವಿಬಾಂಡ್, ಬಣ್ಣದ ಅಳತೆ. ಯುರೋಪಿನ ಮೂಟೆಗಳ ಮೇಲೆ ಇ.ಬಿ.ಸಿ. ಅಂತ ಬರೆದಿರುತ್ತಾರೆ, ಅದೂ ಬಣ್ಣದ ಅಳತೆಯೇ. ಅದೇ ಬಣ್ಣಕ್ಕೆ ಆ ಅಂಕಿ ಹೆಚ್ಚುಕಡಿಮೆ ಎರಡು ಪಟ್ಟು. ನೋಡದೆ ತಂದರೆ ಅಂದುಕೊಂಡದ್ದಕ್ಕಿಂತ ಬಿಯರ್ ತೆಳು ಬಣ್ಣಕ್ಕೆ ಬರುತ್ತದೆ.

"ಮೂಟೆ ತಗೊಳ್ಳಿ, ಅರ್ಧ ಬೆಲೆ" ಅಂತ ಸ್ನೇಹಿತರು ಹೇಳುತ್ತಲೇ ಇರುತ್ತಾರೆ. ಮೂಟೆ ಅಂದರೆ 25 ಕಿಲೋ. ತಿಂಗಳಿಗೊಂದು ಗ್ಯಾಲನ್ ಮಾಡುವ ನನಗೆ ಎರಡು ವರ್ಷ ದಾಟಿದರೂ ಮುಗಿಯಲ್ಲ. ಅಷ್ಟರಲ್ಲಿ ಹುಳಕ್ಕೆ ಹಬ್ಬ! ನಾನು ಬಿಡಿಯಾಗಿಯೇ ತರುತ್ತೇನೆ. ಆ ವಾರವೇ ಮಾಡುವುದಾದರೆ ಅಂಗಡಿಯ ಗಿರಣಿಯಲ್ಲೇ ಒಡೆಸುತ್ತೇನೆ. ಇಲ್ಲವಾದರೆ ಇಡೀ ಕಾಳು ತಂದು ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ. ಒಡೆದದ್ದು ಬೇಗ ಹಳಸಲಾಗುತ್ತದೆ. ಒಮ್ಮೆ ಮನೆಯ ಮಿಕ್ಸಿಗೆ ಹಾಕಿದ್ದೆ. ಅರ್ಧ ಹಿಟ್ಟಾಯಿತು, ಅರ್ಧ ಹಾಗೇ ಉಳಿಯಿತು, ಚೀಲ ಅಂಟು ಅಂಟಾಗಿ ನೀರೇ ಇಳಿಯಲಿಲ್ಲ. ಕಾಳು ನಾಲ್ಕೈದು ಚೂರಾಗಬೇಕು, ಸಿಪ್ಪೆ ಪುಡಿಯಾಗಬಾರದು.

ಕೊಳ್ಳುವ ಮುಂಚೆ ಅಂಗಡಿಯವರನ್ನು ಕೇಳಿ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುತ್ತೇನೆ. ಒಳ್ಳೆ ಬೇಸ್ ಮಾಲ್ಟ್ ಹುರಿಗಡಲೆಯಂತೆ ಕಟಕ್ ಅನ್ನಬೇಕು, ಒಳಗೆ ಬಿಳಿ ಹಿಟ್ಟು, ಆಮೇಲೆ ನಾಲಿಗೆಗೆ ಮೆಲ್ಲಗೆ ಸಿಹಿ ಹತ್ತಬೇಕು. ಮೆತ್ತಗಿದ್ದರೆ ತೇವ ಕುಡಿದಿದೆ ಅಂತಲೇ ಅರ್ಥ. ಹೋದ ಶನಿವಾರ ಮ್ಯೂನಿಕ್ ಅನ್ನುವ ಇನ್ನೊಂದು ಬೇಸ್ ಮಾಲ್ಟಿನ ಡಬ್ಬದಲ್ಲಿ ಹೀಗೇ ಆಗಿತ್ತು. ಹಲ್ಲಿಗೆ ಸಿಕ್ಕಿದ ಕಾಳು ಸದ್ದೇ ಮಾಡಲಿಲ್ಲ. ಸುಮ್ನೆ ಮುಚ್ಚಳ ಮುಚ್ಚಿ, ಪಕ್ಕದ ಡಬ್ಬದಿಂದ ಪಿಲ್ಸ್ನರ್ ಅನ್ನುವ ತೆಳು ಬಣ್ಣದ ಬೇಸ್ ಮಾಲ್ಟ್ ತೂಗಿಸಿಕೊಂಡು ಬಂದೆ.