ಮೊದಲು ತಿರುವು ಆರಿಸಿ, ಆಮೇಲೆ ಹಳಿ

ಮಾದರಿ ರೈಲು ಕಟ್ಟಲು ಹೊರಟವರ ಕಣ್ಣು ಮೊದಲು ಬೀಳುವುದು ಎಂಜಿನ್ ಮೇಲೆ. ಯಾವ ಬಣ್ಣ, ಎಷ್ಟು ಬೋಗಿ, ದೀಪ ಉರಿಯುತ್ತದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಹಳಿಯ ವಿಷಯ ಬಂದಾಗ ಪೆಟ್ಟಿಗೆಯಲ್ಲಿ ಕೊಟ್ಟದ್ದೇ ಸಾಕು ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಆರಂಭಿಸಿದೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ನನ್ನ ಬಳಿ ಮೂರು ಬಗೆಯ ಹಳಿಗಳು ಸೇರಿದ್ದವು. ಒಂದು ಇನ್ನೊಂದಕ್ಕೆ ಸರಿಯಾಗಿ ಕೂಡುತ್ತಿರಲಿಲ್ಲ. ಆ ತೊಂದರೆ ಬೇರೆಯವರಿಗೆ ಬೇಡ ಎಂದೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುತ್ತಿರುವುದು ತುಂಡು ಹಳಿಯ ಬಗ್ಗೆ. ಕಾರ್ಖಾನೆಯಲ್ಲೇ ಗೊತ್ತಾದ ಉದ್ದಕ್ಕೆ ಕತ್ತರಿಸಿ, ಗೊತ್ತಾದ ತ್ರಿಜ್ಯಕ್ಕೆ ಬಗ್ಗಿಸಿ ಕೊಡುವ ತುಂಡುಗಳಿವು. ಬೇಕಾದಂತೆ ಬಾಗಿಸಿ, ಗರಗಸದಿಂದ ಕತ್ತರಿಸಿ ಹಾಕುವ ಸುಮಾರು 90 ಸೆಂಟಿಮೀಟರ್ ಉದ್ದದ ಹಳಿಯೂ ಸಿಗುತ್ತದೆ. ಆದರೆ ಮೊದಲ ಲೇಔಟ್‌ಗೆ (ಹಳಿ ಹಾಸಿ ಕೂಡಿಸಿದ ಇಡೀ ರೈಲುದಾರಿಗೆ) ತುಂಡು ಹಳಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸೇರಿಸಿ, ನೋಡಿ, ಬಿಚ್ಚಿ, ಮತ್ತೆ ಬೇರೆ ರೀತಿ ಸೇರಿಸುವ ಸ್ವಾತಂತ್ರ್ಯ ಇನ್ನೊಂದರಲ್ಲಿ ಇಲ್ಲ.

ಹಲಗೆ ಎಷ್ಟು ಅಗಲ?

ಅಳತೆ ಟೇಪು ಹಿಡಿದು ಹಳಿ ಹಾಸುವ ಹಲಗೆಗೆ ಸಿಗುವ ಜಾಗದ ಅಗಲವನ್ನು ಬರೆದುಕೊಳ್ಳಿ. ಉದ್ದದ ಚಿಂತೆ ಈಗ ಬೇಡ. ನೇರ ತುಂಡುಗಳನ್ನು ಎಷ್ಟು ಬೇಕಾದರೂ ಸೇರಿಸಬಹುದು. ರೈಲು ಹಿಂದಿರುಗಿ ಬರಲು ಪೂರ್ಣ ಅರ್ಧವೃತ್ತ ಬೇಕು, ಅದನ್ನು ಮಿತಿಗೊಳಿಸುವುದು ಅಗಲ.

ಹೆಚ್ಚು ಬಳಕೆಯಲ್ಲಿರುವ ಅಳತೆಗಳು ಎರಡು. ಎಚ್‌ಓ ಎಂದರೆ ನಿಜವಾದ ರೈಲಿನ 87ನೇ ಒಂದು ಭಾಗ. ಕಂಬಿಗಳ ನಡುವಿನ ಅಂತರ 16.5 ಮಿಲಿಮೀಟರ್. ಎನ್ ಎಂದರೆ 160ನೇ ಒಂದು ಭಾಗ; ಅಂತರ 9 ಮಿಲಿಮೀಟರ್. ಎಚ್‌ಓದಲ್ಲಿ ಬಹಳ ಕಾಲದಿಂದ ಚಾಲ್ತಿಯಲ್ಲಿರುವ 18 ಇಂಚಿನ, ಅಂದರೆ 457 ಮಿಲಿಮೀಟರ್ ತ್ರಿಜ್ಯದ ತಿರುವನ್ನೇ ತೆಗೆದುಕೊಳ್ಳಿ. ಹಳಿಯ ಮಧ್ಯದಿಂದ ಮಧ್ಯಕ್ಕೆ ವ್ಯಾಸ 914 ಮಿಲಿಮೀಟರ್ ಆಯಿತು. ಸ್ಲೀಪರ್‌ನ (ಕಂಬಿಗಳ ಅಡಿಯ ಅಡ್ಡಪಟ್ಟಿಯ) ಅಗಲ ಮತ್ತು ಎರಡೂ ಅಂಚಿನಲ್ಲಿ 5 ಸೆಂಟಿಮೀಟರ್ ಸೇರಿಸಿದರೆ ಹಲಗೆ ಸುಮಾರು 105 ಸೆಂಟಿಮೀಟರ್ ಅಗಲ ಇರಬೇಕು. ಅಂಚಿನ ಆ ಜಾಗವನ್ನು ಬಿಡಲೇಬೇಕು. ಹಳಿ ತಪ್ಪಿದ ಎಂಜಿನ್ ನೆಲಕ್ಕೆ ಬಿದ್ದರೆ ಮತ್ತೆ ಮೊದಲಿನಂತಾಗುವುದು ಕಷ್ಟ. ಎನ್ ಅಳತೆಯಲ್ಲಿ 282 ಮಿಲಿಮೀಟರ್ ತ್ರಿಜ್ಯದ ತಿರುವಿಗೆ 70 ಸೆಂಟಿಮೀಟರ್ ಅಗಲ ಸಾಕಾಗುತ್ತದೆ.

ತಿರುವಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಉಳಿದ ಆಯ್ಕೆಗಳೆಲ್ಲ ಈ ಒಂದರ ಹಿಂದೆ ಬರುತ್ತವೆ.

ಬೋಗಿ ತಿರುವಿನಲ್ಲಿ ಹೋಗುವಾಗ ಅದರ ನಡುಭಾಗ ಒಳಕ್ಕೆ ಚಾಚುತ್ತದೆ, ಎರಡು ತುದಿಗಳು ಹೊರಕ್ಕೆ ಚಾಚುತ್ತವೆ. ಬೋಗಿ ಉದ್ದವಾದಷ್ಟೂ, ತಿರುವು ಬಿಗಿಯಾದಷ್ಟೂ ಈ ಚಾಚು ಹೆಚ್ಚು. ಅದು ಮಿತಿ ಮೀರಿದರೆ ಕೊಂಡಿಗಳು ಚಕ್ರಗಳನ್ನು ಪಕ್ಕಕ್ಕೆ ಎಳೆದು ಹಳಿ ತಪ್ಪಿಸುತ್ತವೆ. ನಾನು ನಂಬುವ ಲೆಕ್ಕ ಸರಳ: ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಅಳೆದು ಮೂರರಿಂದ ಗುಣಿಸಿ, ತಿರುವಿನ ತ್ರಿಜ್ಯ ಅದಕ್ಕಿಂತ ಕಡಿಮೆ ಇರದಂತೆ ನೋಡಿಕೊಳ್ಳಿ. ಎಚ್‌ಓದಲ್ಲಿ 12 ಮೀಟರಿನ ಗೂಡ್ಸ್ ವ್ಯಾಗನ್ ಸುಮಾರು 140 ಮಿಲಿಮೀಟರ್ ಬರುತ್ತದೆ. ಮೂರು ಪಟ್ಟು ಎಂದರೆ 420. ಆದ್ದರಿಂದ 457ರ ತಿರುವಿನಲ್ಲಿ ಅದು ನಿರಾಳವಾಗಿ ಓಡುತ್ತದೆ. 26 ಮೀಟರಿನ ಪ್ರಯಾಣಿಕರ ಬೋಗಿಯಾದರೆ ಉದ್ದ 300 ಮಿಲಿಮೀಟರಿನ ಹತ್ತಿರ, ಬೇಕಾಗುವ ತ್ರಿಜ್ಯ 900. ಅಷ್ಟು ಜಾಗ ಹೆಚ್ಚಿನ ಕೋಣೆಗಳಲ್ಲಿ ಸಿಗದು. ಅದಕ್ಕೇ ತಯಾರಕರು ಉದ್ದ ಬೋಗಿಗಳ ಉದ್ದವನ್ನು ತುಸು ಮೊಟಕುಗೊಳಿಸುತ್ತಾರೆ, ಇಲ್ಲವೇ ಬಿಗಿ ತಿರುವಿಗೆ ಒಗ್ಗುವ ಕೊಂಡಿ ಕೊಡುತ್ತಾರೆ. ಕನಿಷ್ಠ ತ್ರಿಜ್ಯ ಎಷ್ಟೆಂದು ಪೆಟ್ಟಿಗೆಯ ಮೇಲೆ ನಮೂದಿಸಿರುತ್ತಾರೆ, ಅದನ್ನು ಓದಿ. ಆ ಸಂಖ್ಯೆ ಹೇಳುವುದು ರೈಲು ಹಾದುಹೋಗುತ್ತದೆ ಎಂದಷ್ಟೇ. ಆ ತಿರುವಿನಲ್ಲಿ ರೈಲು ನೋಡಲು ಚೆಂದವೂ ಇರಬೇಕಾದರೆ ಇನ್ನೂ ದೊಡ್ಡ ತ್ರಿಜ್ಯ ಬೇಕು.

ಜಾಗ ಕಡಿಮೆಯಿದ್ದರೆ ತಿರುವನ್ನು ಬಿಗಿ ಮಾಡಬೇಡಿ, ಬೋಗಿಯನ್ನು ಚಿಕ್ಕದು ಮಾಡಿ. ಚಿಕ್ಕ ವ್ಯಾಗನ್‌ಗಳ ಗೂಡ್ಸ್ ಗಾಡಿ ಬಿಗಿ ತಿರುವಿನಲ್ಲೂ ಅಂದವಾಗಿ ಕಾಣುತ್ತದೆ.

ಇನ್ನು ಎಡಕ್ಕೆ ತಿರುಗಿದ ಹಳಿ ತಕ್ಷಣ ಬಲಕ್ಕೆ ತಿರುಗಿದರೆ ಪಕ್ಕಪಕ್ಕದ ಬೋಗಿಗಳ ತುದಿಗಳು ವಿರುದ್ಧ ದಿಕ್ಕಿಗೆ ಎಳೆದಾಡುತ್ತವೆ. ಹಳಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಎರಡು ತಿರುವುಗಳ ನಡುವೆ ಅತಿ ಉದ್ದದ ಬೋಗಿಯಷ್ಟಾದರೂ ನೇರ ತುಂಡು ಇರಲಿ.

ತ್ರಿಜ್ಯ ಗೊತ್ತಾದ ಮೇಲೆ ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ಹಲಗೆಯಷ್ಟು ದೊಡ್ಡ ಹಾಳೆ ಮಾಡಿಕೊಳ್ಳಿ. ದಾರದ ಒಂದು ತುದಿಗೆ ಮೊಳೆ, ಇನ್ನೊಂದು ತುದಿಗೆ ಪೆನ್ಸಿಲ್ ಕಟ್ಟಿ ನಿಜವಾದ ಅಳತೆಯಲ್ಲೇ ಅರ್ಧವೃತ್ತ ಎಳೆಯಿರಿ. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಲು ಎಕ್ಸ್‌ಟ್ರ್ಯಾಕ್‌ಕ್ಯಾಡ್‌ನಂತಹ ಉಚಿತ ತಂತ್ರಾಂಶಗಳಿವೆ, ತುಂಡುಗಳ ಲೆಕ್ಕಕ್ಕೆ ಅವು ಬಹಳ ಉಪಯುಕ್ತ. ಆದರೆ 457 ಮಿಲಿಮೀಟರ್ ಎಂದರೆ ಎಷ್ಟು ಎಂಬುದು ಕಾಗದದ ಮೇಲೆ ಮಂಡಿಯೂರಿ ಎಳೆದಾಗಲೇ ಮನಸ್ಸಿಗೆ ಇಳಿಯುತ್ತದೆ.

ಒಂದೇ ಬಳಗದ ಹಳಿ

ಪ್ರತಿ ತಯಾರಕರ ಹಳಿಗೂ ತನ್ನದೇ ಜ್ಯಾಮಿತಿ ಇರುತ್ತದೆ. 457ರ ತಿರುವಿನ ತುಂಡು 30 ಡಿಗ್ರಿ ತಿರುಗುವುದರಿಂದ 12 ತುಂಡುಗಳಿಗೆ ಒಂದು ವೃತ್ತ. ಕಾಟೊ ಕಂಪನಿಯ ಎನ್ ಅಳತೆಯ 282ರ ತುಂಡು 45 ಡಿಗ್ರಿ, 8 ತುಂಡು ಸಾಕು. ಪಕ್ಕಪಕ್ಕದ ಜೋಡಿ ಹಳಿಗಳ ನಡುವಿನ ಅಂತರವೂ ಒಬ್ಬೊಬ್ಬರದು ಒಂದೊಂದು: ಕಾಟೊದಲ್ಲಿ 33 ಮಿಲಿಮೀಟರ್, ಟೋಮಿಕ್ಸ್‌ನಲ್ಲಿ 37. ಎರಡೂ 9 ಮಿಲಿಮೀಟರ್ ಹಳಿಗಳೇ, ಎರಡರ ಮೇಲೂ ಅದೇ ಎಂಜಿನ್ ಓಡುತ್ತದೆ. ಆದರೂ ಒಂದರ ಕವಲನ್ನು (ಒಂದು ಹಳಿ ಎರಡಾಗಿ ಒಡೆಯುವ ತುಂಡನ್ನು) ಇನ್ನೊಂದರ ಜೋಡಿ ಹಳಿಗೆ ಹೊಂದಿಸಲು ಹೋದರೆ 4 ಮಿಲಿಮೀಟರ್ ಉಳಿದುಬಿಡುತ್ತದೆ. ಆ 4 ಮಿಲಿಮೀಟರನ್ನು ಕೈಬಲದಿಂದ ಒತ್ತಿ ಕೂಡಿಸಿದರೆ ಇನ್ನೊಂದು ಕಡೆ ಕೀಲು ಸೊಟ್ಟಗಾಗುತ್ತದೆ. ಹಾಗಾಗಿ ಒಂದು ಬಳಗವನ್ನು ಆರಿಸಿ, ಅದರಲ್ಲೇ ಉಳಿಯಿರಿ.

ಬಳಗಗಳಲ್ಲಿ ಎರಡು ಬಗೆ. ಕಾಟೊ ಯೂನಿಟ್ರ್ಯಾಕ್, ಬಾಕ್‌ಮನ್ ಈಜಿ ಟ್ರ್ಯಾಕ್, ಮಾರ್ಕ್ಲಿನ್ ಸಿ ಹಳಿಗಳಿಗೆ ಜಲ್ಲಿಯಂತೆ ಕಾಣುವ ಪ್ಲಾಸ್ಟಿಕ್ ತಳ ಇರುತ್ತದೆ. ಕೀಲು ಗಟ್ಟಿ; ನೆಲದ ಮೇಲೆ ಹಾಸಿ ಆಡಿ, ಸಂಜೆಗೆ ತೆಗೆದಿಡಬಹುದು. ಇನ್ನೊಂದು ಬಗೆಯಲ್ಲಿ ಕಂಬಿ ಮತ್ತು ಸ್ಲೀಪರ್ ಮಾತ್ರ. ಅದನ್ನು ಹಲಗೆಗೆ ಬಡಿದು ಜಲ್ಲಿ ಸುರಿದರೆ ಹೆಚ್ಚು ನೈಜವಾಗಿ ಕಾಣುತ್ತದೆ, ಮುಂದೆ ಬಾಗುವ ಹಳಿಯನ್ನೂ ಸೇರಿಸಬಹುದು. ಲೇಔಟ್ ಕಾಯಂ ಆಗಿ ಒಂದೇ ಕಡೆ ಇರುವುದಾದರೆ ಎರಡನೆಯದು, ಎತ್ತಿಡಬೇಕಾದರೆ ಮೊದಲನೆಯದು. ಮಾರ್ಕ್ಲಿನ್‌ನ ಎಚ್‌ಓ ಹಳಿಯಲ್ಲಿ ವಿದ್ಯುತ್ತಿಗಾಗಿ ನಡುವೆ ಲೋಹದ ಗುಬುಟುಗಳ ಸಾಲೂ ಇದೆ ಎಂಬುದನ್ನು ನೆನಪಿಡಿ. ಅದಕ್ಕಾಗಿ ತಯಾರಾದ ಎಂಜಿನ್ ಸಾಮಾನ್ಯ ಎರಡು ಕಂಬಿಯ ಹಳಿಯ ಮೇಲೆ ಓಡದು.

ಕಂಬಿಯ ಲೋಹ, ಕಂಬಿಯ ಎತ್ತರ

ನಿಕಲ್ ಸಿಲ್ವರ್ ಕಂಬಿಯನ್ನೇ ಕೊಳ್ಳಿ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದು ತಾಮ್ರ, ನಿಕಲ್, ಸತುವಿನ ಮಿಶ್ರಲೋಹ. ಹಿತ್ತಾಳೆ ಕಂಬಿ ಗಾಳಿಗೆ ಬೇಗ ಮಂಕಾಗುತ್ತದೆ, ಆ ಮಂಕಿನ ಪದರ ವಿದ್ಯುತ್ತನ್ನು ತಡೆಯುತ್ತದೆ. ಉಕ್ಕಿನ ಕಂಬಿ ತುಕ್ಕು ಹಿಡಿಯುತ್ತದೆ. ಬಾಕ್‌ಮನ್ ಹಳಿಯಲ್ಲಿ ಇದನ್ನು ತಳದ ಬಣ್ಣದಿಂದಲೇ ಗುರುತಿಸಬಹುದು: ಬೂದು ತಳವಾದರೆ ನಿಕಲ್ ಸಿಲ್ವರ್, ಕಪ್ಪಾದರೆ ಉಕ್ಕು.

ಪೆಟ್ಟಿಗೆಯ ಮೇಲಿನ ಕೋಡ್ ಸಂಖ್ಯೆ ಕಂಬಿಯ ಎತ್ತರವನ್ನು ಇಂಚಿನ ಸಾವಿರದ ಲೆಕ್ಕದಲ್ಲಿ ಹೇಳುತ್ತದೆ. ಕೋಡ್ 100 ಎಂದರೆ 2.54 ಮಿಲಿಮೀಟರ್, ಕೋಡ್ 83 ಎಂದರೆ ಸುಮಾರು 2.1. ತಗ್ಗು ಕಂಬಿ ನೋಡಲು ಚೆಂದ. ಆದರೆ ಹಳೆಯ ಎಂಜಿನ್‌ಗಳ ಚಕ್ರದ ಅಂಚು ಆಳವಾಗಿದ್ದು, ಕೆಲವು ತಗ್ಗು ಹಳಿಗಳಲ್ಲಿ ಸ್ಲೀಪರ್‌ಗೆ ತಾಗಿ ಟಕಟಕ ಸದ್ದು ಮಾಡುತ್ತದೆ.

ಕವಲು

ಒಂದೇ ಒಂದು ಕವಲು ಹಳಿ ಕೊಳ್ಳುವಷ್ಟು ಹಣವಿದ್ದರೂ ಒಳ್ಳೆಯದನ್ನೇ ಕೊಳ್ಳಿ. ಅಗ್ಗದ ಎರಡಕ್ಕಿಂತ ಅದು ಮೇಲು. ಕವಲಿನ ಮೇಲೆ 4, 6 ಎಂಬ ಸಂಖ್ಯೆ ಇದ್ದರೆ ಅದು ಬಿರಿಯುವ ಪ್ರಮಾಣ. ಆರು ಅಳತೆ ಮುಂದೆ ಹೋದಾಗ ಒಂದು ಅಳತೆ ಪಕ್ಕಕ್ಕೆ ಸರಿದರೆ ಅದು 6ರ ಕವಲು, ಕೋನ ಸುಮಾರು ಒಂಬತ್ತೂವರೆ ಡಿಗ್ರಿ. ಸಂಖ್ಯೆ ಹೆಚ್ಚಾದಷ್ಟೂ ಉದ್ದ ಬೋಗಿಗಳು ಸಲೀಸಾಗಿ ಹೊರಳುತ್ತವೆ, ಕವಲು ಅಷ್ಟೇ ಹೆಚ್ಚು ಜಾಗ ತಿನ್ನುತ್ತದೆ.

ಕೊಳ್ಳುವಾಗ ಕವಲನ್ನು ಕೈಯಲ್ಲಿ ಹಿಡಿದು ಎರಡು ಕಂಬಿಗಳು ಒಂದನ್ನೊಂದು ದಾಟುವ ಮೂತಿಯನ್ನು ನೋಡಿ. ಅದಕ್ಕೆ ಫ್ರಾಗ್ ಎನ್ನುತ್ತಾರೆ. ಅದು ಪ್ಲಾಸ್ಟಿಕ್‌ನದಾಗಿದ್ದರೆ ಅಲ್ಲಿ ವಿದ್ಯುತ್ ಇಲ್ಲ. ಉದ್ದ ಎಂಜಿನ್‌ಗೆ ಇದು ತಿಳಿಯುವುದೇ ಇಲ್ಲ, ಉಳಿದ ಚಕ್ರಗಳು ವಿದ್ಯುತ್ ಪಡೆಯುತ್ತಿರುತ್ತವೆ. ನನ್ನ ಬಳಿ ನಾಲ್ಕೇ ಚಕ್ರದ ಪುಟ್ಟ ಶಂಟಿಂಗ್ ಎಂಜಿನ್ ಒಂದಿದೆ. ನಿಧಾನವಾಗಿ ಬಂದು ಆ ಕಪ್ಪು ಮೂತಿಯ ಮೇಲೆ ಚಕ್ರ ಇಟ್ಟೊಡನೆ ದೀಪ ಆರಿ ನಿಂತುಬಿಡುತ್ತಿತ್ತು, ಪ್ರತಿ ಬಾರಿ ಬೆರಳಿನಿಂದ ದೂಡಬೇಕಿತ್ತು. ಲೋಹದ ಫ್ರಾಗ್ ಇರುವ ಕವಲನ್ನು ಹಾಕಿ ಅದಕ್ಕೆ ವಿದ್ಯುತ್ ಕೊಟ್ಟ ಮೇಲೆ ಅದೇ ಎಂಜಿನ್ ತೆವಳುವ ವೇಗದಲ್ಲಿ ದಾಟತೊಡಗಿತು. ವೈರಿಂಗ್ ತುಸು ಹೆಚ್ಚು, ಆದರೆ ಚಿಕ್ಕ ಎಂಜಿನ್ ಇಷ್ಟಪಡುವವರು ಆ ಶ್ರಮ ಪಡಲೇಬೇಕು.

ರೈಲು ಸುತ್ತಿ ಬಂದು ಅದೇ ಹಳಿಗೆ ಹಿಮ್ಮುಖವಾಗಿ ಸೇರುವ ಕುಣಿಕೆಯನ್ನು ಮೊದಲ ನಕ್ಷೆಯಲ್ಲಿ ಹಾಕಬೇಡಿ. ಎರಡು ಕಂಬಿಯ ಹಳಿಯಲ್ಲಿ ಬಲಗಂಬಿ ಹೋಗಿ ಎಡಗಂಬಿಗೆ ಸೇರಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಮೇಲ್ಸೇತುವೆಯೂ ಸದ್ಯಕ್ಕೆ ಬೇಡ. ಎಚ್‌ಓದಲ್ಲಿ ಒಂದು ರೈಲಿನ ಮೇಲೆ ಇನ್ನೊಂದು ಹಾಯಲು ಸುಮಾರು 75 ಮಿಲಿಮೀಟರ್ ಏರಬೇಕು. ನೂರಕ್ಕೆ ಎರಡರ ಏರಿನಲ್ಲಿ ಅದಕ್ಕೆ 3.75 ಮೀಟರ್ ಹಳಿ ಬೇಕು. 457ರ ತಿರುವಿನ ಪೂರ್ತಿ ವೃತ್ತದ ಸುತ್ತಳತೆಯೇ 2.87 ಮೀಟರ್. ಏರಿದ್ದು ಇಳಿಯಲೂ ಬೇಕಲ್ಲವೇ?

ಮೊದಲ ಕಂತು

ಎಲ್ಲವನ್ನೂ ಒಮ್ಮೆಗೇ ಕೊಳ್ಳದೆ ಒಂದು ವೃತ್ತಕ್ಕಾಗುವ ತಿರುವುಗಳು, ನಾಲ್ಕು ನೇರ ತುಂಡು, ಒಂದು ಕವಲು ತನ್ನಿ. ಕವಲನ್ನು ಪಕ್ಕಕ್ಕಿಟ್ಟು, 12 ತಿರುವು ಮತ್ತು 4 ನೇರ ತುಂಡುಗಳ ಅಂಡಾಕಾರ ಕೂಡಿಸಿ. ಇದರಲ್ಲಿ 16 ಕೀಲುಗಳಿವೆ. ಎರಡು ಕಂಬಿಗಳಿಗೆ ಸೇರಿ 32 ಜೋಡುಪಟ್ಟಿಗಳು, ಅಂದರೆ ಕಂಬಿಯ ತುದಿಗಳನ್ನು ಕೂಡಿಸುವ ಲೋಹದ ಪಟ್ಟಿಗಳು. ಸಡಿಲವಾದ ಒಂದೊಂದು ಪಟ್ಟಿಯೂ ವಿದ್ಯುತ್ತಿಗೆ ಒಂದೊಂದು ಅಡ್ಡಿ. ದೂರದ ತಿರುವಿನಲ್ಲಿ ಎಂಜಿನ್ ನಿಧಾನವಾದರೆ ಎದುರು ಬದಿಯಿಂದಲೂ ಒಂದು ಜೊತೆ ತಂತಿ ಕೊಡಿ. ಬಿಚ್ಚುವಾಗ ತುಂಡನ್ನು ಮೇಲಕ್ಕೆ ಮಡಚದೆ ನೇರವಾಗಿ ಎಳೆಯಿರಿ, ಮಡಚಿದರೆ ಪಟ್ಟಿಯ ಬಾಯಿ ಅಗಲವಾಗುತ್ತದೆ.

ಪ್ರತಿ ಕೀಲಿನ ಮೇಲೆ ಉಗುರನ್ನು ಆಡಿಸಿ. ಉಗುರು ಎಡವಿದರೆ ಕಂಬಿ ಪಟ್ಟಿಯೊಳಗೆ ಹೋಗದೆ ಅದರ ಮೇಲೆ ಹತ್ತಿ ಕೂತಿದೆ ಎಂದರ್ಥ; ಬಿಚ್ಚಿ ಮತ್ತೆ ಸೇರಿಸಿ.

ಈಗ ಒಂದು ನೇರ ತುಂಡಿನ ಜಾಗಕ್ಕೆ ಕವಲನ್ನು ಸೇರಿಸಿ. ಕೆಲವು ಬಳಗಗಳಲ್ಲಿ ಇದಕ್ಕೆ ಜೊತೆಯ ಕಿರುತುಂಡು ಬೇಕಾಗಬಹುದು. ನಂತರ ಅತಿ ಉದ್ದದ ಬೋಗಿಗಳನ್ನು ಕಟ್ಟಿ ಎರಡೂ ದಿಕ್ಕಿಗೆ ಓಡಿಸಿ. ಆಮೇಲೆ ಎಂಜಿನ್ ಹಿಂದಿನಿಂದ ತಳ್ಳುವಂತೆ ಮಾಡಿ, ಕವಲಿನ ಮೂಲಕವೂ ತಳ್ಳಿ ನೋಡಿ. ಎಳೆಯುವಾಗ ಮುಚ್ಚಿಹೋಗುವ ದೋಷಗಳು ತಳ್ಳುವಾಗ ಹೊರಬೀಳುತ್ತವೆ. ಬೇರೆ ಬೇರೆ ಬೋಗಿಗಳು ಒಂದೇ ಜಾಗದಲ್ಲಿ ತಪ್ಪಿದರೆ ದೋಷ ಹಳಿಯದು. ಒಂದೇ ಬೋಗಿ ಬೇರೆ ಬೇರೆ ಜಾಗದಲ್ಲಿ ತಪ್ಪಿದರೆ ದೋಷ ಅದರ ಚಕ್ರದ್ದು. ಹೀಗೆ ಒಂದು ವಾರ ತೊಂದರೆಯಿಲ್ಲದೆ ಓಡಿದ ಮೇಲೆ ಎರಡನೇ ಕಂತಿನ ಪಟ್ಟಿ ಬರೆಯಿರಿ.